ಆ ಮಳೆ ಯಾರದ್ದು?

ಉತೊ
1984 ಸೆಪ್ಟೆಂಬರ್ 9

ಸುಮಿಯೆ ಮಗೂ,

ಇಲ್ಲಿ ಬಿಸಿಲು ಇನ್ನೂ ಬೆನ್ನು ಸುಡುತ್ತಿದೆ, ಆದರೆ ಸಂಜೆಯಾದರೆ ಹುಲ್ಲಿನೊಳಗೆ ಜೀರುಂಡೆಗಳು ರಾಗ ತೆಗೆಯಲು ಶುರು ಮಾಡಿವೆ. ಕಾಗದ ಹವಾಮಾನದಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ಅದು ಕಾಗದವಲ್ಲ, ನೋಟೀಸು ಎಂದು ನಮ್ಮ ಹಳ್ಳಿಯ ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಆರನೇ ಕ್ಲಾಸಿಗೆ ನನ್ನ ಶಾಲೆ ಮುಗಿಯಿತು. ಈ ಒಂದು ಪಾಠ ಮಾತ್ರ ಇನ್ನೂ ಮುಗಿದಿಲ್ಲ.

ವಿಷಯಕ್ಕೆ ಬರುತ್ತೇನೆ. ನಿನ್ನ ಮದುವೆ ಮುಕ್ಕಾಲು ಪಾಲು ಆದ ಹಾಗೆಯೇ. ಇಸಾಮಿ ಎರಡು ಸಲ ಒಸಾಕಾಕ್ಕೆ ಬಂದು ನಿನ್ನ ಜೊತೆ ಚಹಾ ಕುಡಿದು ಹೋದದ್ದು ನನಗೆ ಗೊತ್ತು. ಮೂರನೇ ಸಲ ಬಂದದ್ದನ್ನು ನೀನು ಮುಚ್ಚಿಟ್ಟದ್ದೂ ಗೊತ್ತು. ಹುಡುಗ ಒಪ್ಪಿದ್ದಾನೆ, ನೀನು ಒಪ್ಪಿದ್ದೀಯ. ಉಳಿದದ್ದು ಅವನ ತಾಯಿ ತೊಕಿಯಮ್ಮನ ಒಂದು ‘ಹೂಂ’. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಅಮಾಕುಸಾದ ಕಡಲ ದಂಡೆಯಲ್ಲಿ ಒಬ್ಬಳೇ ಒಣಮೀನಿನ ಮನೆ ನಡೆಸಿದ ಹೆಂಗಸು. ಆಕೆಯ ‘ಹೂಂ’ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಆದರೆ ಕೇಳುತ್ತಿರುವವನು ಯಾರು? ನಾನು.

ಎರಡು ಮನೆಯವರು ಎದುರುಬದುರು ಮಂಡಿಯೂರಿ ಕೂತು ಕಾಲು ಜೋಮು ಹಿಡಿಸಿಕೊಳ್ಳುವ ಹಳೇ ಪದ್ಧತಿ ಬೇಡ. ಎಲ್ಲರೂ ಬೆಂಕಿ ಉಗುಳುವ ಅಸೊ ಬೆಟ್ಟಕ್ಕೆ ಹೋಗೋಣ. ಕುಳಿಯ ಅಂಚಿನಲ್ಲಿ ನಿಂತು ಕೆಳಗೆ ಹಸಿರು ನೀರು ಕೊತಕೊತ ಕುದಿಯುವುದನ್ನು ಕಂಡ ಯಾವ ಮನುಷ್ಯನಿಗೂ ಬೇಡ ಎನ್ನುವ ಮಾತು ಬಾಯಿಗೆ ಬರುವುದಿಲ್ಲ. ನಾನೇ ಕಂಡಿದ್ದೇನಲ್ಲ.

ದಿನ ನವೆಂಬರ್ 3. ಅವತ್ತು ರಜೆ, ಅವತ್ತು ಆಕಾಶ ತಿಳಿಯಾಗಿರುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಒಂದು ವೇಳೆ ಆಕಾಶ ಮರೆತರೂ ನಾನಿರುತ್ತೇನೆ. ಕೆಲವರು ಹೋದಲ್ಲೆಲ್ಲ ಹಿಂದೆಯೇ ಮಳೆ ಬರುತ್ತದೆ. ಗಂಡಸಾದರೆ ಮಳೆಗಾರ, ಹೆಂಗಸಾದರೆ ಮಳೆಗಿತ್ತಿ ಎಂದು ಜನ ಆಡಿಕೊಳ್ಳುತ್ತಾರೆ. ನಿನ್ನ ಮಾವ ಅದರ ತದ್ವಿರುದ್ಧ, ಅಪ್ಪಟ ಬಿಸಿಲುಗಾರ. ನಲವತ್ತು ವರ್ಷ ಹೆಂಚಿನ ಕೆಲಸ ಮಾಡಿದೆ. ನಾನು ಸೂರು ಬಿಚ್ಚಿದ ಯಾವ ಮನೆಯೊಳಗೂ ಒಂದು ಹನಿ ಬಿದ್ದಿಲ್ಲ. ತೊಕಿಯಮ್ಮನಿಗೂ ಫೋನಿನಲ್ಲಿ ಇದನ್ನೇ ಹೇಳಿದ್ದೇನೆ.

ಮುಂದೆ ನನ್ನ ಬಿಳಿ ವ್ಯಾನು. ಅದರಲ್ಲಿ ನಾನು, ತೊಕಿಯಮ್ಮ, ಅವರ ಭಾವ ಗೆಂಗೊ. ಹಿಂದೆ ಇಸಾಮಿಯ ಕಾರು. ಅದರಲ್ಲಿ ನೀವಿಬ್ಬರೇ. ನಿನ್ನ ಮಾವನ ತಲೆ ಎಷ್ಟು ದೂರ ಓಡುತ್ತದೆ ನೋಡು.

ಕುರಾಜೊ ಮಾವ

*

ಒಸಾಕಾ
1984 ಸೆಪ್ಟೆಂಬರ್ 20

ಕುರಾಜೊ ಮಾವನವರಿಗೆ,

ನಿನ್ನೆಯಿಂದ ಇಲ್ಲಿ ಗಾಳಿ ತಣ್ಣಗಾಗಿದೆ. ಅಂಗಡಿಯ ಗಾಜಿನ ಬಾಗಿಲಿನಾಚೆ ಜನ ತುಂಬುತೋಳಿನ ಅಂಗಿ ಹಾಕಿಕೊಂಡು ಓಡಾಡುತ್ತಿದ್ದಾರೆ. ನೀವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ.

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನ್ನ ಕಡೆಯಿಂದ ಮಾತಾಡಲು ನೀವೊಬ್ಬರೇ ಹಿರಿಯರು. ಇಷ್ಟು ಓಡಾಡುತ್ತಿದ್ದೀರಿ, ಅದಕ್ಕೆ ಋಣಿ. ಆದರೆ ಬೆಟ್ಟದ ಬದಲು ನಿಮ್ಮ ಮನೆಯಲ್ಲೇ ಒಂದು ಊಟ ಇಟ್ಟುಕೊಳ್ಳಬಹುದೇ? ಆಗಲೇ ಮಾತು ಕೊಟ್ಟಾಗಿದ್ದರೆ ಬಿಡಿ, ಬರುತ್ತೇನೆ.

ಒಂದು ಕೋರಿಕೆ ಇದೆ. ನಾನು ಛತ್ರಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ ಎಂದು ಇಸಾಮಿಯವರ ತಾಯಿ ಹಮಸಾಕಿ ಅಮ್ಮನವರಿಗೆ ಹೇಳಬೇಡಿ. ಬಟ್ಟೆ ವಿಭಾಗ ಎಂದು ಹೇಳಿದ್ದೇವೆ. ಅವರ ಮನೆಯ ಅನ್ನ ಬಿಸಿಲಿನಿಂದ ಬರುವುದು. “ನಮ್ಮಮ್ಮ ಯಾರ ಮುಖ ನೋಡೋಕೂ ಮುಂಚೆ ಆಕಾಶ ನೋಡ್ತಾಳೆ” ಎಂದು ಇಸಾಮಿಯವರು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ನನಗೆ ಮೂವತ್ನಾಲ್ಕು, ಮಾವ. ಇದೊಂದು ಆಗಲಿ ಎಂದು ನನಗೆ ನಿಜವಾಗಿಯೂ ಆಸೆ ಇದೆ. ಇದನ್ನು ಯಾರಿಗೂ ಹೇಳಿಲ್ಲ. ದಯವಿಟ್ಟು ಆ ದಿನ ಸ್ವಲ್ಪ ಕಡಿಮೆ ಮಾತಾಡಿ.

ಸುಮಿಯೆ

*

ಉತೊ
1984 ನವೆಂಬರ್ 6

ಸುಮಿಯೆ ಮಗೂ,

ಇವತ್ತು ಇಲ್ಲಿ ಆಕಾಶ ತೊಳೆದಿಟ್ಟ ಪಿಂಗಾಣಿ ತಟ್ಟೆಯ ಹಾಗಿದೆ. ಮೂರು ದಿನ ತಡವಾಗಿ ಬಂತು, ಅಷ್ಟೆ.

ಹಿಂದಿನ ಕಾರಿನಿಂದ ನಿನಗೆ ಕಂಡದ್ದು ನನ್ನ ವ್ಯಾನಿನ ಬೆನ್ನು ಮಾತ್ರ. ಮುಂದೆ ಕೂತವರ ನಡುವೆ ಏನಾಯಿತು ಎಂದು ನಾನೇ ಹೇಳಬೇಕಲ್ಲ. ಎಲ್ಲವೂ ಸೊಗಸಾಗಿ ನಡೆಯಿತು. ಬೆಟ್ಟ ಒಂದು ಮಾತ್ರ ಕಾಣಲಿಲ್ಲ.

ಹೊರಡುವಾಗ ಬಿಸಿಲಿತ್ತು ಎಂಬುದಕ್ಕೆ ನೀನೇ ಸಾಕ್ಷಿ. ತೊಕಿಯಮ್ಮ ವ್ಯಾನು ಹತ್ತುವ ಮೊದಲು ಮೂಗು ಮೇಲೆತ್ತಿ ಗಾಳಿ ಮೂಸಿದರು.

“ಕುರಾಜೊ ಅವ್ರೇ, ಗಾಳಿ ತಿರುಗ್ತಾ ಇದೆ.”

“ತಿರುಗಲಿ ಬಿಡಿ ಅಮ್ಮಾ. ಮುಂದೆ ನನ್ನ ನೋಡಿದ ತಕ್ಷಣ ವಾಪಸ್ ತಿರುಗುತ್ತೆ.”

ಓಜು ದಾಟುವಾಗ ಗಾಜಿನ ಮೇಲೆ ನಾಲ್ಕು ಹನಿ ಬಿತ್ತು. ಹಕ್ಕಿಗಳ ಕೆಲಸ ಎಂದೆ. ತಾತೆನೊ ಹತ್ತಿರ ಒರೆಸುವ ಕಡ್ಡಿ ಹಾಕಬೇಕಾಯಿತು. ಗಾಜಿನ ಧೂಳು ತೊಳೆಯೋಣ ಎಂದೆ. ಬೆಟ್ಟದ ತಿರುವುಗಳು ಶುರುವಾದ ಮೇಲೆ ಯಾರೋ ಹಾಲಿನ ಹಂಡೆಯೊಳಗೆ ನಮ್ಮನ್ನು ಮುಳುಗಿಸಿದ ಹಾಗಾಯಿತು. ನಡುರಸ್ತೆಯಲ್ಲಿ ನಿಂತಿದ್ದ ಕಂದು ಹಸು ಕೊನೇ ಗಳಿಗೆಯಲ್ಲಿ ಕಂಡಿತು. ನಾನು ಹಾಕಿದ ಬ್ರೇಕಿಗೆ ಗೆಂಗೊ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬಂದ.

“ಕುರಾಜೊ, ಅಸೊ ಎಲ್ಲಯ್ಯ?” ಅಂದ.

“ಅದರ ಮೇಲೇ ಕೂತಿದೀಯಲ್ಲೋ. ಕೂತ ಕುರ್ಚಿ ಯಾರಿಗಾದ್ರೂ ಕಾಣುತ್ತಾ?” ಅಂದೆ.

ಮೇಲಿನ ಹುಲ್ಲುಗಾವಲಿನಲ್ಲಿ ಧ್ವನಿವರ್ಧಕ ಕೂಗುತ್ತಿತ್ತು: ಗಂಧಕದ ಹೊಗೆ, ಮಂಜು, ಕುಳಿಯ ದಾರಿ ಮುಚ್ಚಿದೆ. ಆ ವಸ್ತುಸಂಗ್ರಹಾಲಯಕ್ಕೆ ನುಗ್ಗಿದ್ದು ನನ್ನ ಉಪಾಯ. ಕುಳಿಯ ಬಾಯಲ್ಲೇ ಕ್ಯಾಮೆರಾ ಇಟ್ಟು ಒಳಗೆ ತೆರೆಯ ಮೇಲೆ ತೋರಿಸುತ್ತಾರಲ್ಲ! ತೆರೆಯೂ ಬಿಳಿಚಿಕೊಂಡಿತ್ತು, ನಿಜ. ಆದರೆ ಅದು ಕುಳಿಯೊಳಗಿನ ಅಸಲಿ ಬಿಳುಪು. ಗೆಂಗೊ ಆ ಬಿಳೀ ತೆರೆಯ ಪಕ್ಕ ನಿಂತು ಫೋಟೋ ಕೂಡ ತೆಗೆಸಿಕೊಂಡ. ನಾನು ನೀಲಿ ಆಕಾಶ, ಹಸಿರು ನೀರು ಇರುವ ಒಂದು ಚಿತ್ರದ ಕಾರ್ಡು ಕೊಂಡು ತೊಕಿಯಮ್ಮನ ಕೈಗಿಟ್ಟೆ. “ಇಗೋ ಅಮ್ಮಾ, ಹೀಗಿರುತ್ತೆ. ಈಗ ನೋಡಿದ ಹಾಗೇ ಆಯ್ತು.” ಅವರು ಅದರಿಂದ ಕಿಟಕಿಯ ಮಂಜು ಒರೆಸಿ ಹೊರಗೆ ನೋಡಿದರು.

ಸಾಸಿವೆ ಸೊಪ್ಪಿನ ಅನ್ನ ಬಂದಾಗ ಅವರು ಮುಟ್ಟಲಿಲ್ಲ. ನಾನು ತಂದಿದ್ದ ಗೆಣಸಿನ ಕಡುಬನ್ನೂ ಮುಟ್ಟಲಿಲ್ಲ. ಬೀಗರ ಮುಂದೆ ಸಂಕೋಚ, ದೊಡ್ಡ ಮನೆತನದ ಲಕ್ಷಣ. ಇಳಿಯುವಾಗ ಎರಡು ಗಂಟೆ ಒಂದೇ ಒಂದು ಮಾತಾಡಲಿಲ್ಲ. ಅಂಥ ಘನತೆ ಈ ಕಾಲದಲ್ಲಿ ಎಲ್ಲಿ ಸಿಗುತ್ತದೆ? ನಡುವೆ ನಾನೊಂದು ಸಣ್ಣ ತಮಾಷೆ ಮಾಡಿ ವ್ಯಾನಿನೊಳಗೆ ಸ್ವಲ್ಪ ಬಿಸಿಲು ತಂದೆ. ಗೆಂಗೊ ಕಡುಬು ಗಂಟಲಿಗೆ ಸಿಕ್ಕಿ ಸಾಯುವಷ್ಟು ನಕ್ಕ.

ಇನ್ನೊಂದು ವಾರದಲ್ಲಿ ‘ಹೂಂ’ ಬರುತ್ತದೆ. ಮದುವೆಯ ಕಿಮೋನೋ ಯಾವ ಬಣ್ಣ ಎಂದು ಯೋಚಿಸು.

ಕುರಾಜೊ ಮಾವ

*

ಒಸಾಕಾ
1984 ನವೆಂಬರ್ 17

ಕುರಾಜೊ ಮಾವನವರಿಗೆ,

ಇಲ್ಲಿ ಮೋಡ. ಬೀದಿಯ ಗಿಂಕೊ ಮರಗಳು ಎಲೆ ಉದುರಿಸುತ್ತಿವೆ.

‘ಹೂಂ’ ಬರಲಿಲ್ಲ. ಇಸಾಮಿಯವರು ಫೋನ್ ಮಾಡಿದ್ದರು. ಅವರಮ್ಮ ಬೇಡ ಅಂದಿದ್ದಾರೆ. ಕಾರಣ ಕೇಳಿದರೆ ಅವರು ಹೇಳಲು ತಡವರಿಸಿ, ಕೊನೆಗೆ ತಾವೇ ನನ್ನನ್ನು ಕೇಳಿದರು. ನಾನು ಹುಟ್ಟಿದ ದಿನ ಮಳೆ ಬಂದಿತ್ತಂತೆ, ಹೌದೇ? ಶಾಲೆಯ ಆಟೋಟದ ದಿನ? ಅಮ್ಮನನ್ನು ಸುಟ್ಟ ದಿನ?

ಅವರಿಗೆ ಇದನ್ನೆಲ್ಲ ಯಾರು ಹೇಳಿದರು, ಮಾವ?

ಆ ದಿನ ನಾಲ್ಕು ಗಂಟೆ ನಿಮ್ಮ ವ್ಯಾನಿನ ಕೆಂಪು ದೀಪ ನೋಡುತ್ತಾ ಬಂದೆ. ಒಮ್ಮೆ ಹಿಂದಿನ ಗಾಜಿನಲ್ಲಿ ನಿಮ್ಮ ಕೈ ಮೇಲೆದ್ದದ್ದು ಕಂಡಿತು. ಆಮೇಲೆ ಹಮಸಾಕಿ ಅಮ್ಮನವರು ತಿರುಗಿ ನಮ್ಮ ಕಾರಿನ ಕಡೆ ನೋಡಿದರು. ನೀವು ನನ್ನನ್ನು ಹೊಗಳುತ್ತಿದ್ದೀರಿ ಅಂದುಕೊಂಡು ನಾನು ತಲೆಬಾಗಿ ನಮಸ್ಕಾರ ಮಾಡಿದೆ. ಇಸಾಮಿಯವರು ನಕ್ಕರು.

ಏನು ಹೇಳಿದಿರಿ? ಒಂದಕ್ಷರ ಬಿಡದೆ ಬರೆಯಿರಿ.

ಸುಮಿಯೆ

*

ಉತೊ
1984 ನವೆಂಬರ್ 23

ಸುಮಿಯೆ ಮಗೂ,

ಇಲ್ಲಿ ಚಳಿ ಬಿದ್ದಿದೆ. ಬಿಸಿಲಿದೆ.

ನೀನು ಕೇಳಿದೆ ಅಂತ ಬರೆಯುತ್ತಿದ್ದೇನೆ. ನನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಬೆಟ್ಟ ಇಳಿಯುವಾಗ ಮಳೆ ಜೋರಾಯಿತು. ತೊಕಿಯಮ್ಮ ಮಡಿಲಲ್ಲಿ ಕೈ ಕಟ್ಟಿಕೊಂಡು ಹೇಳಿದರು, “ಮನೆ ಹಿಂದೆ ನಲವತ್ತು ಹಲಗೆ ಮೀನು ಹರವಿ ಬಂದಿದೀನಿ.”

“ಯಾಕಮ್ಮ ಹರವಿದ್ರಿ?” ಅಂದೆ.

“ನೀವು ಫೋನ್ ಮಾಡಿ ಹೇಳಿದ್ರಲ್ಲ. ನಾನಿದ್ದ ದಿನ ಮಳೆ ಬರಲ್ಲ ಅಂತ.”

ಗೆಂಗೊ ಹಿಂದಿನಿಂದ ಕುಟುಕಿದ. “ಬಿಸಿಲುಗಾರ್ರು! ಕುರಾಜೊ, ನಿನ್ನ ಬಿಸಿಲಲ್ಲಿ ನನ್ನ ಸಾಕ್ಸು ಹಿಂಡೋ ಹಾಗಾಗಿದೆ ಕಣಯ್ಯ.”

ಅರವತ್ತೇಳು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಎದುರಿಗೇ ಆಡಿಕೊಂಡಿರಲಿಲ್ಲ, ಮಗೂ. ಬಾಯಿ ತಾನಾಗಿಯೇ ತೆರೆದುಕೊಂಡಿತು.

“ನಾನು ಬಿಸಿಲುಗಾರನೇ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನನಗಿಂತ ಗಟ್ಟಿ ಜೀವ ಒಂದು ಹಿಂದಿನ ಕಾರಲ್ಲಿ ಬರ್ತಾ ಇದೆಯಲ್ಲ!”

“ಯಾರು, ನಮ್ಮ ಇಸಾಮಿನಾ?”

“ಛೆ, ನಮ್ಮ ಸುಮಿಯೆ! ಹುಟ್ಟಿದ ದಿನ ಮಳೆ. ಶಾಲೆ ಆಟೋಟದ ದಿನ ಮಳೆ. ಹೆತ್ತಮ್ಮನ ಸುಡೋ ದಿನಾನೂ ಮಳೆ. ಪಕ್ಕಾ ಮಳೆಗಿತ್ತಿ! ಈಗ ಹೊಟ್ಟೆಪಾಡಿಗೆ ಏನ್ ಮಾಡ್ತಾಳೆ ಗೊತ್ತಾ? ಒಸಾಕಾದಲ್ಲಿ ಛತ್ರಿ ಮಾರ್ತಾಳೆ! ದೇವರು ಯಾರಿಗೆ ಯಾವ ಕೆಲಸ ಅಂತ ನೋಡ್ಕೊಂಡೇ ಕೊಡ್ತಾನೆ.”

ಗೆಂಗೊ ನಕ್ಕದ್ದು ಆಗಲೇ. ತೊಕಿಯಮ್ಮ ನಗಲಿಲ್ಲ. ತಿರುಗಿ ಹಿಂದಿನ ಗಾಜಿನೊಳಗಿಂದ ನಿನ್ನನ್ನು ತುಂಬ ಹೊತ್ತು ನೋಡಿದರು. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತಾರಲ್ಲ, ಹಾಗೆ. ನೀನು ನಮಸ್ಕಾರ ಮಾಡಿದೆ. ಅವರು ವಾಪಸ್ ಮಾಡಲಿಲ್ಲ.

ನಲವತ್ತು ಹಲಗೆ ಮೀನೂ ಹಾಳಾಯಿತಂತೆ. ಒಂದು ತಮಾಷೆಯನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುವ ಹೆಂಗಸಿನ ಮನೆ ನಿನಗೇಕೆ? ನಿನ್ನ ಮಾವ ಇನ್ನೊಂದು ನೋಡುತ್ತಾನೆ. ಹಿತೊಯೋಶಿಯಲ್ಲಿ ಒಬ್ಬ ವಿಧುರನಿದ್ದಾನೆ, ನೆಲಮಾಳಿಗೆಯಲ್ಲಿ ಅಣಬೆ ಬೆಳೆಯುತ್ತಾನೆ. ಅವನಿಗೆ ಬಿಸಿಲೇ ಬೇಡ.

ಕುರಾಜೊ ಮಾವ

*

ಒಸಾಕಾ
1984 ಡಿಸೆಂಬರ್ 2

ಕುರಾಜೊ ಮಾವನವರಿಗೆ,

ನಾನು ಇಸಾಮಿಯವರನ್ನೇ ಮದುವೆಯಾಗುತ್ತೇನೆ. ಕಳೆದ ಭಾನುವಾರ ಅಮಾಕುಸಾಕ್ಕೆ ಹೋಗಿ ಹಮಸಾಕಿ ಅಮ್ಮನವರ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿ ನಿಜ ಹೇಳಿದೆ. ಆ ನಿಜವನ್ನು ನಿಮಗೂ ಹೇಳುವುದು ಒಳ್ಳೆಯದು. ನಮ್ಮ ಮನೆಯಲ್ಲಿ ನಿಮ್ಮೊಬ್ಬರನ್ನು ಬಿಟ್ಟು ಎಲ್ಲರಿಗೂ ಅದು ಗೊತ್ತಿತ್ತು.

ಮಳೆ ನನ್ನದಲ್ಲ, ನಿಮ್ಮದು.

ನಾನು ಹುಟ್ಟಿದ ದಿನ ಮಳೆ ಶುರುವಾದದ್ದು ನೀವು ಬಾಳೆಹಣ್ಣು ಹಿಡಿದು ಬಾಗಿಲಿಗೆ ಬಂದ ಮೇಲೆ. ಆಟೋಟದ ದಿನ ಎರಡನೇ ಓಟದವರೆಗೂ ಬಿಸಿಲಿತ್ತು. ಮೂರನೆಯದಕ್ಕೆ ನೀವು ಬಂದಿರಿ. ನೀವು ಬರುತ್ತೀರಿ ಅಂದರೆ ಅಮ್ಮ ಮಳೆ ಬಾರದಿರಲಿ ಎಂದು ಬಿಳೀ ಬಟ್ಟೆಯ ಬಿಸಿಲು ಬೊಂಬೆ ಹೊಲಿದು ಸೂರಿಗೆ ಕಟ್ಟುತ್ತಿದ್ದಳು. ಬೇರೆಯವರಿಗೆ ಒಂದು, ನಿಮಗೆ ನಾಲ್ಕು. ಅವು ನಿಮ್ಮ ಸ್ವಾಗತಕ್ಕೆ ಕಟ್ಟಿದ್ದು ಎಂದು ನೀವು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದಿರಿ. ನೀವು ಸೂರು ಬಿಚ್ಚುವ ಮನೆಯವರು ಹಿಂದಿನ ದಿನವೇ ಟಾರ್ಪಾಲು ತಂದು ಅಟ್ಟದಲ್ಲಿ ಹಾಸಿಡುತ್ತಿದ್ದರು. ಒಳಗೆ ಹನಿ ಬೀಳದಿದ್ದದ್ದು ಅದಕ್ಕೆ.

1962ರ ಮೇ ತಿಂಗಳಲ್ಲಿ ನಾವೆಲ್ಲ ಅಸೊಕ್ಕೆ ಹೋಗಿದ್ದೆವು. ಅಪ್ಪನಿಗೆ ಹಲ್ಲುನೋವು, ಪ್ರವಾಸ ರದ್ದು ಎಂದು ನಿಮಗೆ ಹೇಳಿ ಕಳಿಸಿದ್ದು ಸುಳ್ಳು. ಆ ದಿನ ಆಕಾಶದಲ್ಲಿ ಒಂದು ಎಳೆ ಮೋಡವೂ ಇರಲಿಲ್ಲ. ಕುಳಿಯ ಹಸಿರು ನೀರನ್ನು ನಾನು ಅಪ್ಪನ ಕೈ ಹಿಡಿದು ನೋಡಿದೆ, ಸುಟ್ಟ ಜೋಳ ತಿಂದೆ. ನೀವು ಹಲ್ಲುನೋವಿಗೆಂದು ಮೂಲಂಗಿ ರಸ ತಂದು ಬೀಗ ಹಾಕಿದ ಬಾಗಿಲ ಮುಂದೆ ಇಟ್ಟು ಹೋಗಿದ್ದಿರಿ. ಅಪ್ಪ ಅದನ್ನು ನೋಡಿ ನಗುತ್ತಾ ಚೆಲ್ಲಿದರು. ನೀವು ಆ ಕುಳಿಯನ್ನು ಯಾವತ್ತೂ ಕಂಡಿಲ್ಲ, ಮಾವ.

ಅಮ್ಮನನ್ನು ಸುಟ್ಟ ದಿನದ ಮಾತು. ಆಸ್ಪತ್ರೆಯಲ್ಲಿ ಅವಳೇ ನನಗೆ ಹೇಳಿದ್ದಳು: “ಕುರಾಜೊಗೆ ಎರಡು ಗಂಟೆ ತಡವಾಗಿ ಹೇಳು. ಅವತ್ತೊಂದು ದಿನ ನಾನು ಒಣಗಿದ ನೆಲದ ಮೇಲೆ ಹೋಗ್ತೀನಿ.” ಹಾಗೆಯೇ ಹೇಳಿದೆ. ನೀವು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲೆ ಮಳೆ ಬಂತು.

ಹಮಸಾಕಿ ಅಮ್ಮನವರು ಎಲ್ಲ ಕೇಳಿ ಒಪ್ಪಿದರು. ಅವರದು ಒಂದೇ ಷರತ್ತು. ನೀವು ಮದುವೆಗೆ ಬರಬಾರದು. ಆ ಮನೆಯ ಹೊಸಿಲನ್ನೂ ತುಳಿಯಬಾರದು. ನಾನು ಒಪ್ಪಿದ್ದೇನೆ.

ಸುಮಿಯೆ

*

ಉತೊ
1984 ಡಿಸೆಂಬರ್ 19

ಸುಮಿಯೆ,

ನಿನ್ನ ಕಾಗದದಲ್ಲಿ ಹವಾಮಾನ ಇರಲಿಲ್ಲ. ಎರಡು ಸಲ ಹುಡುಕಿದೆ.

ಬರುವುದಿಲ್ಲ. ಸುಖವಾಗಿರು.

ಕುರಾಜೊ

*

ಅಮಾಕುಸಾ
1985 ಏಪ್ರಿಲ್ 20

ಕುರಾಜೊ ಮಾವನವರಿಗೆ,

ವಸಂತದ ಬಿಸಿಲು ಕಡಲ ಮೇಲೆ ಹರಡಿದೆ. ಚೆರಿ ಹೂವು ಉದುರಿ ಎಲೆ ಬಂದಿದೆ.

ಏಪ್ರಿಲ್ 14ರಂದು ದೇಗುಲದಲ್ಲಿ ಮದುವೆ ಚೆನ್ನಾಗಿ ನಡೆಯಿತು. ಇಡೀ ದಿನ ಒಳ್ಳೆಯ ಬಿಸಿಲಿತ್ತು. ಅತ್ತೆಯವರು ತುಂಬ ಸಂತೋಷವಾಗಿದ್ದರು. ನನ್ನನ್ನು ಮಗಳ ಹಾಗೆ ನೋಡಿಕೊಳ್ಳುತ್ತಾರೆ. ಪದ್ಧತಿಯಂತೆ ಒಂದು ಫೋಟೋ ಕಳಿಸುತ್ತಿದ್ದೇನೆ.

ಸುಮಿಯೆ

*

ಉತೊ
1985 ಮೇ 28

ಸುಮಿಯೆ ಮಗೂ,

ಮಳೆಗಾಲಕ್ಕೆ ಇನ್ನು ಹತ್ತು ದಿನವಿದೆ. ನನ್ನ ಹಿತ್ತಲಿನ ಪ್ಲಮ್ ಕಾಯಿ ಹಳದಿಗೆ ತಿರುಗುತ್ತಿದೆ.

ಫೋಟೋವನ್ನು ಗೋಡೆಗೆ ಅಂಟಿಸಿದ್ದೇನೆ. ದಿನಾ ಬೆಳಿಗ್ಗೆ ಚಹಾದ ಜೊತೆ ನೋಡುತ್ತೇನೆ. ನೀನು ನಿನ್ನಮ್ಮನ ಹಾಗೇ ಗದ್ದ ಎತ್ತಿ ನಿಂತಿದ್ದೀಯ. ಎಡಗಡೆ ಕಂಬದ ಪಕ್ಕ ಒಂದು ಮರದ ತೊಟ್ಟಿ ಇದೆ. ಅದರೊಳಗೆ ಛತ್ರಿಗಳು. ಹಳ್ಳಿ ಶಾಲೆಯಲ್ಲಿ ಎಣಿಸುವುದನ್ನಾದರೂ ಸರಿಯಾಗಿ ಕಲಿಸಿದ್ದಾರೆ. ಹನ್ನೊಂದು. ತೊಕಿಯಮ್ಮನ ಕಪ್ಪು ಕಿಮೋನೋದ ಅಂಚು ಮೊಣಕಾಲವರೆಗೂ ಇನ್ನಷ್ಟು ಕಪ್ಪಾಗಿದೆ. ಇಸಾಮಿಯ ಬೂಟಿನ ಕೆಳಗೆ ಕಲ್ಲು ಕನ್ನಡಿಯ ಹಾಗೆ ಹೊಳೆಯುತ್ತಿದೆ. ಒಳ್ಳೆಯ ಬಿಸಿಲೇ ಬಿಡು.

ನಾನು ಸುಮ್ಮನಿರುತ್ತಿದ್ದೆ. ಆದರೆ ಮಂಗಳವಾರ ನಿಲ್ದಾಣದ ಸಂತೆಗೆ ಬರುವ ಅಮಾಕುಸಾದ ಒಣಮೀನಿನವಳು ನನ್ನನ್ನು ಯಾರೆಂದು ತಿಳಿಯದೆ ಎಲ್ಲ ಹೇಳಿದಳು. “ಹಮಸಾಕಿ ಮನೆಗೆ ಹೊಸ ಸೊಸೆ ಬಂದವಳೆ. ಮದುವೆ ದಿನ ಕೊಡದಲ್ಲಿ ಹೊಯ್ದಂಗೆ ಮಳೆ! ಅತ್ತೆ ಮೀನಿನ ಹಲಗೆ ಮುಟ್ಟೋಕೆ ಬಿಡಲ್ಲ. ಹರವೋ ಹೊತ್ತಿಗೆ ಹಿಂದಿನ ಅಡುಗೆಮನೇಲಿ ಕೂಡಿ ಹಾಕ್ತಾಳಂತೆ. ಹೆಸರು ಹಿಡಿದು ಕರೆಯೋದೂ ಇಲ್ಲ. ‘ಏ ಮಳೆಗಿತ್ತಿ’ ಅಂತಾಳೆ.” ಹೇಳಿ ನಕ್ಕಳು. ನಾನೂ ನಕ್ಕೆ. ಎರಡು ಕಟ್ಟು ಬಂಗುಡೆ ಕೊಂಡು ಮನೆಗೆ ಬಂದೆ. ತಿನ್ನಲಾಗಲಿಲ್ಲ.

ಈಗ ಒಂದು ಮಾತು ಹೇಳುತ್ತೇನೆ, ನಿನಗೊಬ್ಬಳಿಗೇ. ಏಪ್ರಿಲ್ 14ರಂದು ನಾನು ಮನೆ ಬಿಟ್ಟು ಹೊರಗೆ ಕಾಲಿಟ್ಟಿಲ್ಲ. ನಿಮ್ಮ ಕಡೆಗೆ ಏನೂ ಹೋಗದಿರಲಿ ಅಂತ ಪಡಸಾಲೆಯ ಮರದ ಬಾಗಿಲುಗಳನ್ನೂ ಎಳೆದುಕೊಂಡು ಕೂತಿದ್ದೆ. ಮಧ್ಯಾಹ್ನ ಸಂದಿಯಿಂದ ನೋಡಿದರೆ ಇಲ್ಲಿ ಬಿಸಿಲು ಮಗೂ, ಅಮ್ಮನಾಣೆ, ಕಣ್ಣು ಕುಕ್ಕುವ ಬಿಸಿಲು. ಪಕ್ಕದ ಮನೆಯವಳು ಹಾಸಿಗೆ ಒಣಗಿಸಿದ್ದಳು. ನಾನಿದ್ದಲ್ಲಿ ಬಿಸಿಲು. ನಾನಿಲ್ಲದ ನಿಮ್ಮ ದೇಗುಲದಲ್ಲಿ ಕೊಡದಲ್ಲಿ ಹೊಯ್ದ ಮಳೆ. ಇದನ್ನು ಊರೆಲ್ಲ ಸಾರಿದರೆ ನನ್ನ ಬಿರುದು ನನಗೆ ವಾಪಸ್ ಬರುತ್ತದೆ. ಒಂದು ವಾರ ನಾಲಿಗೆ ತುರಿಸಿತು.

ಅದರ ಬದಲು ಮೊನ್ನೆ ತೊಕಿಯಮ್ಮನಿಗೆ ಕಾಗದ ಹಾಕಿದೆ. ಅದರಲ್ಲಿ ಹೀಗೆ ಬರೆದಿದ್ದೇನೆ: ‘ನಿಮ್ಮ ಮಾತು ಮೀರಿ ಮದುವೆಗೆ ಬಂದಿದ್ದೆ. ಕರ್ಪೂರದ ಮರದ ಹಿಂದೆ, ದೇಗುಲದ ಕಕ್ಕಸಿನ ಪಕ್ಕ, ಬೆಳಿಗ್ಗೆಯಿಂದ ಸಂಜೆವರೆಗೆ ಅಡಗಿದ್ದೆ. ಅಕ್ಕನ ಮಗಳ ಮದುವೆ, ತಡೆಯಲಾಗಲಿಲ್ಲ. ಆ ಮಳೆ ನನ್ನದು. ಅಸೊದಲ್ಲಿ ಬಂದದ್ದೂ ನನ್ನದು. ನಾನು ಹುಟ್ಟಾ ಮಳೆಗಾರ. ಹುಡುಗಿಯ ಮೇಲೆ ಹೇಳಿದ್ದೆಲ್ಲ ನನ್ನ ಹುಳುಕು ಮುಚ್ಚಲು.’ ಗಟ್ಟಿಯಾಗಿರಲಿ ಎಂದು ಕಕ್ಕಸಿನ ಸೂರಿನ ಎರಡು ಹೆಂಚು ಸರಿದಿವೆ, ಸರಿಮಾಡಿಸಿ ಅಂತಲೂ ಸೇರಿಸಿದೆ. ಯಾವ ಊರಿನ ಕಕ್ಕಸಿಗೆ ಹೋದರೂ ಎರಡು ಹೆಂಚು ಸರಿದೇ ಇರುತ್ತವೆ. ಇಂಥ ಸುಳ್ಳು ಕಟ್ಟಲು ಉತೊದಲ್ಲಿ ಇನ್ನೊಬ್ಬ ಹುಟ್ಟಬೇಕು.

ನಾನು ಕುಳಿಯನ್ನು ಕಂಡಿಲ್ಲ. ಅದು ನಿಜ.

ಒಂದೇ ಒಂದು ಕೇಳುತ್ತೇನೆ. ಅಕ್ಕ ಆಸ್ಪತ್ರೆಯಲ್ಲಿ ನಿಜವಾಗಿ ಹಾಗಂದಳಾ? ಎರಡು ಗಂಟೆಯ ಮಾತು. ಸಿಟ್ಟಿನಲ್ಲಿ ನೀನು ಸೇರಿಸಿದ್ದಾದರೆ ಬೈಯುವುದಿಲ್ಲ.

ಕುರಾಜೊ ಮಾವ

*

1986ರ ಹೊಸ ವರ್ಷದ ಕಾರ್ಡು

ಸುಮಿಯೆ ಮಗೂ,

ಹುಲಿ ವರ್ಷ ಶುಭವಾಗಲಿ. ಹುಲಿಯನ್ನು ನಾನೇ ಬರೆದೆ. ಬೆಕ್ಕಿನ ಹಾಗೆ ಕಂಡರೆ ಅದು ಕಾಗದದ ತಪ್ಪು. ಇಲ್ಲಿ ತೆಳು ಬಿಸಿಲು. ಮೇ ತಿಂಗಳ ನನ್ನ ಕಾಗದ ತಲುಪಿತೋ ಇಲ್ಲವೋ.

ಕುರಾಜೊ ಮಾವ

*

ಅಮಾಕುಸಾ
1986 ಏಪ್ರಿಲ್ 22

ಕುರಾಜೊ ಮಾವನವರಿಗೆ,

ಇಲ್ಲಿ ಹತ್ತು ದಿನದಿಂದ ಬಿಸಿಲು. ಹಲಗೆಗಳೆಲ್ಲ ತುಂಬಿವೆ.

ತಡವಾಗಿ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಬಂದ ದಿನ ಅತ್ತೆಯವರು ಇಸಾಮಿಯವರನ್ನು ಕರೆದುಕೊಂಡು ದೇಗುಲಕ್ಕೆ ಹೋಗಿ ಕಕ್ಕಸಿನ ಸೂರು ನೋಡಿದರು. ಮೂರು ಹೆಂಚು ಸರಿದಿದ್ದವು. ಅತ್ತೆಯವರು ಮನೆಗೆ ಬಂದು ನಿಮ್ಮ ಕಾಗದವನ್ನು ತಮ್ಮ ಗಂಡನ ಪಟದ ಮುಂದೆ ಗಟ್ಟಿಯಾಗಿ ಓದಿದರು. ಗೆಂಗೊ ದೊಡ್ಡಪ್ಪನವರು ನಕ್ಕು ನಕ್ಕು ನೆಲಕ್ಕೆ ಉರುಳಿದರು. “ಕಕ್ಕಸಿನ ಹಿಂದೆ! ಇಡೀ ದಿನ!” ಅನ್ನುತ್ತಲೇ ಇದ್ದರು. ನಾನೂ ನಗಬೇಕಾಯಿತು. ನಕ್ಕೆ.

ಮಾರನೆಯ ದಿನ ಅತ್ತೆಯವರು ನನ್ನನ್ನು ಹೆಸರು ಹಿಡಿದು ಕರೆದು ಹಲಗೆ ಕೈಗೆ ಕೊಟ್ಟರು. ಈಗ ಬೆಳಗಿನ ಹರವು ಪೂರ್ತಿ ನನ್ನದೇ.

ನಿಮ್ಮ ಕಥೆ ಓಣಿಯ ಎಲ್ಲ ಮನೆಗೂ ಹೋಗಿದೆ. ಮೀನು ಒಣಗುತ್ತಿರುವಾಗ ಇದ್ದಕ್ಕಿದ್ದ ಹಾಗೆ ಮೋಡ ಕವಿದರೆ ಇಲ್ಲಿಯ ಹೆಂಗಸರು ಈಗ ಮಳೆ ಅನ್ನುವುದಿಲ್ಲ. “ಕುರಾಜೊ ಬಂದ! ಕುರಾಜೊ ಬಂದ! ಒಳಗೆ ತೆಗೀರೇ!” ಎಂದು ಕೂಗುತ್ತಾರೆ. ಚಿಕ್ಕ ಮಕ್ಕಳೂ ಹಾಗೇ ಕೂಗುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು ಎಂದು ಅವಕ್ಕೆ ಗೊತ್ತಿಲ್ಲ.

ಏಪ್ರಿಲ್ 9ಕ್ಕೆ ನನಗೆ ಹೆಣ್ಣು ಮಗು ಹುಟ್ಟಿತು. ಅವತ್ತು ಬಿಸಿಲಿತ್ತು. ಇದು ನಿಜ. ಮೇ 11ರಂದು ಮಗುವನ್ನು ಮೊದಲ ಸಲ ದೇಗುಲಕ್ಕೆ ಕರೆದೊಯ್ಯುತ್ತೇವೆ. ಈ ಸಲ ಕರ್ಪೂರದ ಮರದ ಹಿಂದೆ ಯಾರೂ ಇಲ್ಲವೆಂದು ಮೊದಲೇ ನೋಡಿಕೊಂಡು ಬರಲು ಅತ್ತೆಯವರು ದೊಡ್ಡಪ್ಪನಿಗೆ ಹೇಳಿದ್ದಾರೆ. ಆ ದಿನ ನೀವು ಉತೊದಲ್ಲೇ ಇರುತ್ತೀರಿ ಎಂದು ನಾನು ಅವರಿಗೆ ಮಾತು ಕೊಟ್ಟಿದ್ದೇನೆ. ಮುಂದೆಯೂ ಬರುವುದು ಬೇಡ.

ಮಗುವಿಗೆ ಅಮ್ಮನ ಹೆಸರಿಟ್ಟಿದ್ದೇವೆ, ಹಾತ್ಸುನೊ.

ಸುಮಿಯೆ

*

ಉತೊ
1986 ಮೇ 11
ಅಂಚೆ ಕಾರ್ಡು

ಸುಮಿಯೆ ಮಗೂ,

ಇಲ್ಲಿ ಬೆಳಗಿನ ಆರರಿಂದ ಜಡಿಮಳೆ. ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಅಲ್ಲಿ ಬಿಸಿಲಿರಲೇಬೇಕು. ಯಾಕೆಂದರೆ ನಾನು ಪಡಸಾಲೆಯ ಬಾಗಿಲುಗಳನ್ನೆಲ್ಲ ತೆರೆದು, ಮಳೆಗೆ ಎದುರಾಗಿ ಕೂತು, ಅದನ್ನು ಇಲ್ಲೇ ಹಿಡಿದಿಟ್ಟುಕೊಂಡಿದ್ದೇನೆ. ಊಟಕ್ಕೂ ಎದ್ದಿಲ್ಲ. ಪುಟ್ಟ ಹಾತ್ಸುನೊ ಒಣಗಿದ ನೆಲದ ಮೇಲೆ ಹೋಗಿಬರಲಿ. ಅತ್ತ ಒಂದೇ ಒಂದು ಹನಿ ಬಿಟ್ಟಿದ್ದರೆ ಹೇಳು. ಇಂಥ ಕೆಲಸ ಇನ್ನೊಬ್ಬನ ಕೈಲಿ ಆಗುವಂಥದ್ದಲ್ಲ.

ಕುರಾಜೊ